ಅಂಕಿಯೂ ಅಂಕವೂ



ನಮ್ಮ ಭಾಷೆಯಲ್ಲಿ ಸಂತೋಷಕ್ಕೆಲ್ಲ ಸಿಹಿಯ ಹೆಸರೇ. ಒಳ್ಳೆಯ ಸಮಾಚಾರ ಸಿಹಿಸುದ್ದಿ; ಹಿತವಾದ ಮಾತು ಸವಿಮಾತು. ಮಗಳಿಗೆ ಮದುವೆ ಗೊತ್ತಾದರೆ, ಮಗ ಪರೀಕ್ಷೆಯಲ್ಲಿ ತೇರ್ಗಡೆಯಾದರೆ, ನೆರೆಯವರು ಆಡುವ ಮೊದಲ ಮಾತು 'ಎಲ್ಲಿ, ಬಾಯಿ ಸಿಹಿ ಮಾಡಿಸಿ' ಎಂದು. ಸಂಕ್ರಾಂತಿಗೆ ಎಳ್ಳುಬೆಲ್ಲ ಬೀರಬೇಕು. ಯುಗಾದಿಗೆ ಬೇವಿನೊಡನೆ ಬೆಲ್ಲ ಮೆದ್ದು ವರ್ಷವನ್ನು ಎದುರುಗೊಳ್ಳಬೇಕು. ಇಂಥ ನಾಡಿನಲ್ಲಿ ಹುಟ್ಟಿ ಬೆಳೆದವನಿಗೆ ವೈದ್ಯರು ಒಂದು ದಿನ 'ಇನ್ನು ಮೇಲೆ ನಿಮಗೆ ಸಿಹಿ ಬೇಡ' ಎಂದುಬಿಟ್ಟರೆ, ಅವನಿಗೆ ಊಟದ ಪಂಕ್ತಿಯಿಂದ ಕೈಹಿಡಿದು ಎಬ್ಬಿಸಿದಂತೆ ಆಗುತ್ತದೆ.

ಹಾಗೆ ಎದ್ದವರಲ್ಲಿ ನಾನೂ ಒಬ್ಬ. ನಲವತ್ತೇಳನೆಯ ವಯಸ್ಸಿನಲ್ಲಿ, 1999ರಲ್ಲಿ, ನನಗೆ ಮಧುಮೇಹವಿದೆಯೆಂದು ತಿಳಿಯಿತು. ಈ ವಿಷಯದಲ್ಲಿ ನನಗೆ ಸಂಗಾತಿಗಳ ಕೊರತೆಯೇನೂ ಇಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ಮೀರಿದೆ. ಈ ರೋಗದ ಔಷಧ, ಪಥ್ಯ, ವ್ಯಾಯಾಮಗಳ ಮಾತನ್ನು ವೈದ್ಯರು ನನಗಿಂತ ಚೆನ್ನಾಗಿ ಹೇಳಬಲ್ಲರು. ನಾನು ಹಾಸನದ ಕಡೆಯ ಒಂದು ಊರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ, 2012ರಲ್ಲಿ ನಿವೃತ್ತನಾದ ಮೇಷ್ಟ್ರು. ಈ ರೋಗದೊಡನೆ ಮನಸ್ಸು ಸಂಸಾರ ಮಾಡುವುದು ಹೇಗೆ ಎಂಬುದಷ್ಟೆ ನನ್ನ ಇಂದಿನ ವಿಷಯ. ಅದನ್ನು ಹೇಳಬೇಕಾದರೆ ನಾನು ಮಾಡಿದ ಒಂದು ಕಳ್ಳತನದ ಕಥೆಯನ್ನೂ ಹೇಳಬೇಕಾಗುತ್ತದೆ.

ಮೊದಲು ನನ್ನ ತಂದೆಯವರ ವಿಷಯ. ಅವರಿಗೂ ಈ ರೋಗವಿತ್ತು. ನಾನು ಹುಡುಗನಾಗಿದ್ದಾಗ ನಮ್ಮ ಬಚ್ಚಲಮನೆಯ ಕಿಟಕಿಯ ಕಟ್ಟೆಯ ಮೇಲೆ ಒಂದು ಗಾಜಿನ ನಳಿಕೆ, ಒಂದು ಸ್ಪಿರಿಟ್ ದೀಪ, ನೀಲಿ ಬಣ್ಣದ ಬೆನೆಡಿಕ್ಟ್ ದ್ರಾವಣದ ಒಂದು ಸೀಸೆ ಇರುತ್ತಿದ್ದವು. ಐದು ಮಿಲಿಲೀಟರ್ ದ್ರಾವಣಕ್ಕೆ ಎಂಟು ಹನಿ ಮೂತ್ರ ಸೇರಿಸಿ ಕಾಯಿಸಬೇಕು. ನೀಲಿ ನೀಲಿಯಾಗಿಯೇ ಉಳಿದರೆ ಕ್ಷೇಮ. ಹಸಿರಿಗೆ ತಿರುಗಿದರೆ ಸ್ವಲ್ಪ ಸಕ್ಕರೆ. ಅಲ್ಲಿಂದ ಹಳದಿ, ಕಿತ್ತಳೆ. ಕಡೆಗೆ ಇಟ್ಟಿಗೆಯ ಕೆಂಪು. ಇಟ್ಟಿಗೆಯ ಬಣ್ಣ ಕಂಡ ಬೆಳಗ್ಗೆ ತಂದೆಯವರು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ನಳಿಕೆಯನ್ನು ತೊಳೆದು, ಬೋರಲು ಹಾಕಿ, ಸುಮ್ಮನೆ ಜಪಕ್ಕೆ ಕುಳಿತುಬಿಡುತ್ತಿದ್ದರು. ತಾಯಿಯವರು ಅಡಿಗೆಮನೆಯಿಂದಲೇ ಅವರ ಮುಖ ನೋಡಿ ಅಂದಿನ ಬಣ್ಣ ಯಾವುದೆಂದು ಊಹಿಸಬೇಕಾಗಿತ್ತು. ಕಾಲಿನ ಒಂದು ಹುಣ್ಣು ಮಾಯದೆ, ಕೀವು ತುಂಬಿ, 1978ರಲ್ಲಿ ಅವರು ತೀರಿಕೊಂಡರು. ಅಷ್ಟು ವರ್ಷಗಳಲ್ಲಿ ಒಮ್ಮೆಯಾದರೂ 'ನನಗೆ ಹೆದರಿಕೆಯಾಗುತ್ತದೆ' ಎಂದು ಅವರು ಅಂದದ್ದನ್ನು ನಾನು ಕೇಳಲಿಲ್ಲ. ಅವರಿಂದ ನನಗೆ ರೋಗ ಬಂದಿತು; ರೋಗದ ಜೊತೆಗೆ ಆ ಮೌನವೂ ಬಂದಿತೆಂದು ಕಾಣುತ್ತದೆ.

ಈ ಮೌನಕ್ಕೆ ಒಂದು ಕಾರಣವುಂಟು. ಜ್ವರ ಬಂದವನನ್ನು ಜನ 'ಅಯ್ಯೋ ಪಾಪ' ಎನ್ನುತ್ತಾರೆ. ಮಧುಮೇಹ ಬಂದವನನ್ನು 'ಏನು ತಿಂದೆ?' ಎಂದು ಕೇಳುತ್ತಾರೆ. ಇದು ಇಂದು ನಿನ್ನೆಯದಲ್ಲ. ಚರಕಸಂಹಿತೆಯೇ ಪ್ರಮೇಹದ ಕಾರಣಗಳಲ್ಲಿ ಕೂತ ಸುಖವನ್ನೂ ಮಲಗಿದ ಸುಖವನ್ನೂ ಎಣಿಸಿದೆ. ಅದರಲ್ಲಿ ಸತ್ಯವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ವಂಶದ ಪಾಲು, ವಯಸ್ಸಿನ ಪಾಲು, ನಮ್ಮ ಕೈಯಲ್ಲಿಲ್ಲದ ಎಷ್ಟೋ ಸಂಗತಿಗಳ ಪಾಲು ಇದರಲ್ಲಿ ಇದೆ. ಜನ ಅದನ್ನು ನೆನೆಯುವುದಿಲ್ಲ; ರೋಗಿಯೂ ನೆನೆಯುವುದಿಲ್ಲ. ಹೀಗಾಗಿ ಉಳಿದ ರೋಗಗಳಲ್ಲಿ ಮನುಷ್ಯ ರೋಗಿ ಮಾತ್ರನಾದರೆ, ಇದರಲ್ಲಿ ರೋಗಿಯೂ ಆಗುತ್ತಾನೆ, ಆರೋಪಿಯೂ ಆಗುತ್ತಾನೆ.

ರೋಗ ತಿಳಿದ ಮೊದಲ ವರ್ಷದಲ್ಲಿ ನಾನು ಬಹಳ ಶಿಸ್ತಿನವನಾಗಿದ್ದೆ. ಬೆಳಗಿನ ಜಾವ ಕೆರೆಯ ಏರಿಯ ಮೇಲೆ ನಡಿಗೆ, ಅನ್ನಕ್ಕೆ ಬದಲು ರಾಗಿಮುದ್ದೆ, ಅದೂ ನಿಂಬೆಹಣ್ಣಿನ ಗಾತ್ರದ್ದು. ಊರೆಲ್ಲ ಹೊಗಳಿತು. ಶಿಸ್ತು ಕಷ್ಟವೇನೂ ಆಗಿರಲಿಲ್ಲ. ಅದು ಮುಗಿಯುವುದೇ ಇಲ್ಲ ಎಂಬುದು ಕಷ್ಟವಾಗಿತ್ತು. ಪರೀಕ್ಷೆಗೆ ಓದುವ ಹುಡುಗನಿಗೆ ಏಪ್ರಿಲ್ ಬಂದರೆ ಬಿಡುಗಡೆ. ಏಕಾದಶಿಯ ಉಪವಾಸಕ್ಕೆ ದ್ವಾದಶಿಯ ಪಾರಣೆಯಿದೆ. ಈ ವ್ರತಕ್ಕೆ ದ್ವಾದಶಿಯೇ ಇಲ್ಲ. ಇದರ ಮೇಲೆ, ಮಾಡಿದ ಕೆಲಸಕ್ಕೆ ತಕ್ಕ ಫಲ ಸಿಕ್ಕುತ್ತದೆಂಬ ನಂಬಿಕೆಯೂ ಇಲ್ಲ. ರಾತ್ರಿ ಎರಡೇ ಚಪಾತಿ ತಿಂದು ಮಲಗಿದವನಿಗೆ ಬೆಳಗ್ಗೆ ಎದ್ದಾಗ 180 ಇರುತ್ತದೆ. ಬೆಳಗಿನ ಜಾವ ದೇಹದ ಕೆಲವು ಸ್ರಾವಗಳು ಹೆಚ್ಚುವುದರಿಂದ ಯಕೃತ್ತು ತನ್ನಷ್ಟಕ್ಕೆ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆಂದು ನಾನು ತಿಳಿದದ್ದು ಬಹಳ ತಡವಾಗಿ. ಚಿಂತೆ, ಕೋಪ, ಭಯಗಳಿಂದ ಏಳುವ ಅಡ್ರಿನಲಿನ್, ಕಾರ್ಟಿಸಾಲ್‌ಗಳೂ ಅದೇ ಕೆಲಸ ಮಾಡುತ್ತವೆ. ಅಂದರೆ ಅಂಕಿ ಹೆಚ್ಚಾದೀತೆಂದು ಹೆದರಿದರೆ, ಆ ಹೆದರಿಕೆಯಿಂದಲೇ ಅಂಕಿ ಹೆಚ್ಚಾಗುವುದುಂಟು. ಇಂಥ ಲೆಕ್ಕವನ್ನು ನಾನು ಯಾವ ತರಗತಿಯಲ್ಲೂ ಕಲಿಸಿರಲಿಲ್ಲ.

ಮನೆಯ ಹೊರಗೆ ಇನ್ನೊಂದು ಪರೀಕ್ಷೆ. ಮದುವೆಮನೆಯಲ್ಲಿ ಒಬ್ಬರು ಬಂದು 'ಮೇಷ್ಟ್ರೇ, ಒಂದು ಒಬ್ಬಟ್ಟು ತಿಂದ್ರೆ ಏನೂ ಆಗಲ್ಲ, ಹಾಕಿಸ್ಕೊಳ್ಳಿ' ಎಂದು ಬಲವಂತ ಮಾಡುತ್ತಾರೆ. ಇನ್ನೊಬ್ಬರು ಪಂಕ್ತಿಯ ಆ ತುದಿಯಿಂದಲೇ 'ಅವರಿಗೆ ಹಾಕಬೇಡ್ರಪ್ಪ, ಶುಗರ್ ಇದೆ!' ಎಂದು ಕೂಗುತ್ತಾರೆ. ಇಬ್ಬರೂ ನನ್ನ ಹಿತೈಷಿಗಳೇ. ಆದರೆ ಮೊದಲನೆಯವರು ನನ್ನ ರೋಗವನ್ನು ನಂಬುವುದಿಲ್ಲ. ಎರಡನೆಯವರು ನನ್ನಲ್ಲಿ ರೋಗವಲ್ಲದೆ ಬೇರೇನನ್ನೂ ಕಾಣುವುದಿಲ್ಲ. ಇವರಿಬ್ಬರ ನಡುವೆ ಎಲೆಯ ಮುಂದೆ ಕುಳಿತವನ ಅವಸ್ಥೆಯನ್ನು ಬಲ್ಲವರೇ ಬಲ್ಲರು.

ಮನೆಯಲ್ಲಿ ನನ್ನ ಹೆಂಡತಿ ಸಿಹಿ ಮಾಡುವುದನ್ನೇ ನಿಲ್ಲಿಸಿದಳು. ಎರಡು ಯುಗಾದಿಗಳು ಒಬ್ಬಟ್ಟಿಲ್ಲದೆ ಕಳೆದವು. ಮಕ್ಕಳು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಎಷ್ಟೋ ವಾಸಿಯಾಗಿತ್ತು. ನನ್ನ ಮೇಲಿನ ಪ್ರೀತಿಯಿಂದ ಆಕೆ ಮಾಡಿದ ತ್ಯಾಗ ನನಗೆ ದಿನವೂ ತೀರಿಸಬೇಕಾದ ಸಾಲದಂತೆ ಕಾಣತೊಡಗಿತು. ಸಾಲಗಾರನಿಗೆ ಸಾಲ ಕೊಟ್ಟವರ ಮೇಲೆ ಒಳಗೊಳಗೇ ಸಿಟ್ಟು ಹುಟ್ಟುವುದು ಸಹಜವಷ್ಟೆ. ಹೀಗೆ ನಾನು ಕಳ್ಳನಾದೆ. ಶಾಲೆಯಿಂದ ಬರುವಾಗ ಬಸ್‌ಸ್ಟ್ಯಾಂಡಿನ ಹಿಂದಿನ ಸಣ್ಣ ಹೋಟೆಲಿನಲ್ಲಿ, ಗೋಡೆಯ ಕಡೆ ಮುಖ ಮಾಡಿ ನಿಂತು, ನೂರು ಗ್ರಾಂ ಜಿಲೇಬಿ ತಿಂದು, ಕರವಸ್ತ್ರದಿಂದ ಬೆರಳು ಒರೆಸಿಕೊಂಡು ಮನೆಗೆ ಹೋಗುತ್ತಿದ್ದೆ. ಅದರ ರುಚಿ ನನಗೆ ನೆನಪಿಲ್ಲ. ಕರವಸ್ತ್ರವನ್ನು ನಾನೇ ಒಗೆದು ಒಣಹಾಕುತ್ತಿದ್ದುದು ನೆನಪಿದೆ.

ಆ ವೇಳೆಗೆ ಮನೆಯಲ್ಲೇ ರಕ್ತ ಪರೀಕ್ಷಿಸುವ ಗ್ಲೂಕೋಮೀಟರ್ ಬಂದಿತ್ತು. ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಕೆಲವೇ ಸೆಕೆಂಡುಗಳಲ್ಲಿ ಅಂಕಿ ಮೂಡುತ್ತದೆ. ಅದನ್ನು ಒಂದು ಪುಸ್ತಕದಲ್ಲಿ ಬರೆದು ತರಬೇಕೆಂದು ವೈದ್ಯರ ಅಪ್ಪಣೆ. ಮೊದಮೊದಲು ಬಂದದ್ದನ್ನೇ ಬರೆದೆ. ಒಂದು ದಿನ 248 ಬಂದಿತು. ಬೆರಳು ತೊಳೆಯದಿದ್ದರಿಂದ ಹೀಗಾಗಿರಬಹುದೆಂದು ನನಗೆ ನಾನೇ ಹೇಳಿಕೊಂಡು 148 ಎಂದು ಬರೆದೆ. ಕೈ ನಡುಗಲಿಲ್ಲ. ಮುಂದಿನ ವಾರ ಅದು ಇನ್ನೂ ಸುಲಭವಾಯಿತು. ಕೊನೆಗೆ ಪರೀಕ್ಷೆಯನ್ನೇ ಮಾಡದೆ 132, 145, 139 ಎಂದು ಬರೆಯುವ ಮಟ್ಟಕ್ಕೆ ಬಂದೆ. ಗಣಿತದ ಮೇಷ್ಟ್ರಲ್ಲವೆ? ಎಲ್ಲ ಅಂಕಿಗಳೂ ಒಂದೇ ತೆರನಾಗಿದ್ದರೆ ಅನುಮಾನ ಬಂದೀತೆಂದು ನಡುನಡುವೆ ಒಂದು 160ನ್ನೂ ಸೇರಿಸುತ್ತಿದ್ದೆ.

2009ರಲ್ಲಿ ಸಿಕ್ಕಿಬಿದ್ದೆ. ನಮ್ಮ ರಕ್ತದ ಕೆಂಪುಕಣಗಳ ಆಯುಸ್ಸು ಸುಮಾರು 120 ದಿನ. ಅವುಗಳಲ್ಲಿರುವ ಹಿಮೋಗ್ಲೋಬಿನ್ನಿಗೆ ರಕ್ತದ ಸಕ್ಕರೆ ಅಂಟಿಕೊಳ್ಳುತ್ತದೆ. ಹಾಗೆ ಎಷ್ಟು ಪಾಲು ಅಂಟಿದೆಯೆಂದು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತಾನಾಗಿ ಹೊರಬೀಳುತ್ತದೆ. ಎಚ್‌ಬಿಎ1ಸಿ ಎಂಬ ಆ ಪರೀಕ್ಷೆಯ ಕಾಗದವನ್ನೂ ನನ್ನ ಪುಸ್ತಕವನ್ನೂ ವೈದ್ಯರು ಪಕ್ಕಪಕ್ಕದಲ್ಲಿಟ್ಟುಕೊಂಡು ಕೇಳಿದರು: 'ಮೇಷ್ಟ್ರೇ, ನಿಮ್ಮ ಪುಸ್ತಕದ ಸರಾಸರಿ ಸುಮಾರು 140. ಈ ಕಾಗದದಲ್ಲಿ 9.2 ಅಂತಿದೆ. ಅದರ ಪ್ರಕಾರ ಸರಾಸರಿ 217ರ ಹತ್ತಿರ ಇರಬೇಕು. ಈ ಲೆಕ್ಕ ಹೇಗೆ ತಾಳೆಯಾಗುತ್ತೆ?'

ನನ್ನ ಹೆಂಡತಿ ಪಕ್ಕದ ಕುರ್ಚಿಯಲ್ಲಿದ್ದಳು. ಜೀವಮಾನವೆಲ್ಲ ಸರಾಸರಿ ಕಲಿಸಿದವನು ಸರಾಸರಿಯಿಂದಲೇ ಸಿಕ್ಕಿಬಿದ್ದಿದ್ದೆ. ವೈದ್ಯರು ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. 'ಈ ಪುಸ್ತಕ ನಂಬಿ ನಾನು ಔಷಧ ಕೊಟ್ಟಿದ್ರೆ ನಿಮ್ಮ ಕಣ್ಣಿಗೋ ಮೂತ್ರಪಿಂಡಕ್ಕೋ ಪೆಟ್ಟು ಬೀಳ್ತಿತ್ತು. ಇದರಲ್ಲಿ ನಾನು ಪಾಸು ಫೇಲು ಮಾಡಲ್ಲ ಮೇಷ್ಟ್ರೇ. ಇದು ಅಂಕಿ, ಅಂಕ ಅಲ್ಲ' ಎಂದರು.

ಆ ಕ್ಷಣದಲ್ಲಿ ನನಗೆ ನೆನಪಾದವನು ಒಬ್ಬ ಹುಡುಗ. 1987ರಲ್ಲಿ ನನ್ನ ಒಂಬತ್ತನೆಯ ತರಗತಿಯಲ್ಲಿದ್ದ. ಪ್ರಗತಿಪತ್ರದಲ್ಲಿ ನಾನು ಬರೆದಿದ್ದ 13ರ ಒಂದಕ್ಕೆ ಒಂದು ಕೊಕ್ಕೆ ಸೇರಿಸಿ 43 ಮಾಡಿ, ತಂದೆಯ ಸಹಿ ಹಾಕಿಸಿಕೊಂಡು ಬಂದಿದ್ದ. ನಾನು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿ, ಆ ಪತ್ರವನ್ನು ಇಡೀ ತರಗತಿಗೆ ಗಟ್ಟಿಯಾಗಿ ಓದಿಸಿದೆ. ಏಕೆ ಹೀಗೆ ಮಾಡಿದೆಯೆಂದು ಗದರಿಸಿದಾಗ ಅವನು ಹೇಳಿದ್ದು ಇಷ್ಟೆ: 'ನಮ್ಮಪ್ಪ ಅದೊಂದೇ ಸಾರ್ ನೋಡೋದು.' ದಸರೆಯ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಏಕೆ ಬರಲಿಲ್ಲವೆಂದು ನಾನು ವಿಚಾರಿಸಲೂ ಇಲ್ಲ. ಇಪ್ಪತ್ತೆರಡು ವರ್ಷಗಳ ಮೇಲೆ, ಅವನಿಗಿಂತ ಮೂರು ಪಟ್ಟಿಗೂ ಹೆಚ್ಚು ವಯಸ್ಸಾದ ನಾನು, ಅವನು ಮಾಡಿದ್ದನ್ನೇ ಇನ್ನೂ ಜಾಣತನದಿಂದ ಮಾಡಿ ವೈದ್ಯರ ಮುಂದೆ ಕುಳಿತಿದ್ದೆ. ನನ್ನನ್ನು ಯಾರೂ ಬೆಂಚಿನ ಮೇಲೆ ನಿಲ್ಲಿಸಲಿಲ್ಲ.

ಮನೆಗೆ ಬಂದ ಮೇಲೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಜಿಲೇಬಿಯನ್ನೂ ಹೇಳಿದೆ, ಕರವಸ್ತ್ರವನ್ನೂ ಹೇಳಿದೆ. ಆಕೆ ಬಹಳ ಹೊತ್ತು ಅತ್ತಳು. ಆಮೇಲೆ, 'ಹೆದರಿಕೆ ಆಗುತ್ತೆ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ. ನಾನೇನು ನಿಮ್ಮ ಸ್ಕೂಲ್ ಇನ್ಸ್‌ಪೆಕ್ಟರೇ?' ಎಂದಳು. ನನ್ನ ತಾಯಿಯವರು ಅಡಿಗೆಮನೆಯಿಂದ ಇಣುಕಿ ನೋಡುತ್ತಿದ್ದ ಮುಖ ನನ್ನ ಕಣ್ಣಿಗೆ ಕಟ್ಟಿತು.

ನನ್ನದು ವಿಚಿತ್ರ ಮನಸ್ಸಿನ ಒಂಟಿ ದೋಷವೆಂದು ನಾನು ಬಹುಕಾಲ ತಿಳಿದಿದ್ದೆ. ಹಾಗಲ್ಲವೆಂದು ತಿಳಿದಾಗ ಎಷ್ಟೋ ಸಮಾಧಾನವಾಯಿತು. ಅಮೆರಿಕದ ವಿಲಿಯಂ ಪೊಲಾನ್ಸ್ಕಿ ಮತ್ತು ಅವರ ಸಂಗಡಿಗರು 1995ರಲ್ಲಿಯೇ ಈ ಸಂಕಟವನ್ನು ಅಳೆಯುವ ಇಪ್ಪತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ಪ್ರಕಟಿಸಿದ್ದಾರೆ. ಮುಂದೇನಾಗುವುದೋ ಎಂಬ ಭಯ, ಪಥ್ಯ ತಪ್ಪಿದಾಗಿನ ಅಪರಾಧಭಾವ, ದಿನವೂ ಇದೇ ಆಯಿತಲ್ಲ ಎಂಬ ಬೇಸರ, ಇದರಲ್ಲಿ ನಾನು ಒಂಟಿ ಎಂಬ ಭಾವನೆ, ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಇಂಗ್ಲಿಷಿನಲ್ಲಿ ಇದನ್ನು ಡಯಾಬಿಟಿಸ್ ಡಿಸ್ಟ್ರೆಸ್ ಎನ್ನುತ್ತಾರೆ. ಕನ್ನಡದಲ್ಲಿ ಮಧುಮೇಹದ ಬೇಗುದಿ ಎನ್ನೋಣವೆ? ಪ್ರತಿ ಪ್ರಶ್ನೆಗೂ ಸೊನ್ನೆಯಿಂದ ನಾಲ್ಕು. ಒಟ್ಟು ಮೊತ್ತವನ್ನು ಒಂದೂಕಾಲರಿಂದ ಗುಣಿಸಿದರೆ ನೂರಕ್ಕೆ ಎಷ್ಟೆಂದು ಸಿಕ್ಕುತ್ತದೆ. ನಲವತ್ತು ಅಥವಾ ಅದಕ್ಕೂ ಹೆಚ್ಚು ಬಂದವರಿಗೆ ನೆರವು ಬೇಕೆಂದು ಅರ್ಥ. ನನಗೆ ಐವತ್ತೈದು ಬಂದಿತು. ಹೆಚ್ಚು ಅಂಕ ಬಂದದ್ದಕ್ಕೆ ಜೀವನದಲ್ಲಿ ಮೊದಲ ಬಾರಿ ಬೇಸರಪಟ್ಟೆ.

ಈ ಬೇಗುದಿ ಬೇರೆ, ಖಿನ್ನತೆಯೆಂಬ ರೋಗ ಬೇರೆ. ಮಧುಮೇಹವಿರುವವರಲ್ಲಿ ಖಿನ್ನತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಎಂದು ಅಧ್ಯಯನಗಳು ಹೇಳುತ್ತವೆ. ಎರಡು ವಾರಕ್ಕೂ ಮೀರಿ ನಿದ್ರೆಯಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ, ಬದುಕೇ ಬೇಡ ಎನ್ನಿಸುತ್ತದೆ ಎಂದಾದರೆ ಅದನ್ನು ವೈದ್ಯರಿಗೆ ಹೇಳಲು ಸಂಕೋಚಪಡಬೇಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿಮಾನಸ್‌ನ 14416 ಸಂಖ್ಯೆಗೆ ಫೋನು ಮಾಡಿದರೂ ಆದೀತು. ಕಾಲಿನ ಹುಣ್ಣನ್ನು ತೋರಿಸುವವರು ಮನಸ್ಸಿನ ಹುಣ್ಣನ್ನು ಏಕೆ ಮುಚ್ಚಿಡಬೇಕು?

ಇನ್ನು ನಮ್ಮ ಮನೆಯಲ್ಲಿ ಆದ ಒಪ್ಪಂದಗಳ ಮಾತು. ಮೊದಲನೆಯದು, ಕದ್ದು ತಿನ್ನುವುದಿಲ್ಲ. ತಿಂದರೆ ಎಲೆಯ ಮೇಲೆ, ಎಲ್ಲರ ಎದುರಿಗೆ. ವೈದ್ಯರನ್ನು ಕೇಳಿ, ಯುಗಾದಿಯ ದಿನ ಅರ್ಧ ಒಬ್ಬಟ್ಟು, ಅದಕ್ಕೆ ತಕ್ಕಷ್ಟು ಅನ್ನ ಕಡಿಮೆ, ಸಂಜೆ ಒಂದು ಸುತ್ತು ನಡಿಗೆ ಹೆಚ್ಚು ಎಂದು ಗೊತ್ತುಮಾಡಿಕೊಂಡೆವು. ಮೂರನೆಯ ಯುಗಾದಿಗೆ ಮನೆಯಲ್ಲಿ ಮತ್ತೆ ಹೂರಣ ರುಬ್ಬಿದ ವಾಸನೆ ಬಂದಿತು. ಎರಡನೆಯದು, ಅಂಕಿಯನ್ನು ಗಟ್ಟಿಯಾಗಿ ಓದುವುದು. 'ಇವತ್ತು 210' ಎಂದರೆ ಆಕೆ 'ಹೂಂ' ಎನ್ನಬೇಕು, 'ಅಯ್ಯೋ' ಎನ್ನಬಾರದು. ಈ 'ಹೂಂ' ಆಕೆಗೆ ಕೈವಶವಾಗಲು ಆರು ತಿಂಗಳು ಬೇಕಾಯಿತು.

ಮೂರನೆಯದು ಕೋಪದ ವಿಷಯ. ಔಷಧ ತೆಗೆದುಕೊಂಡು ಊಟ ತಡವಾದರೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯುವುದುಂಟು. ಆಗ ಬೆವರು, ನಡುಕ, ಮಂಕು. ಇವುಗಳೊಡನೆ ಅಕಾರಣವಾದ ಸಿಡುಕು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷದ ಮೇಲೆ ಮತ್ತೆ ಪರೀಕ್ಷಿಸಬೇಕು. ಹೀಗಾಗಿ ನಾನು ದನಿಯೆತ್ತಿದರೆ ಸಾಕು, 'ರೀ, ಮೊದಲು ಶುಗರ್ ನೋಡ್ಕೊಳ್ಳಿ, ಆಮೇಲೆ ಜಗಳ ಆಡಿ' ಎನ್ನುವುದು ಆಕೆಗೆ ರೂಢಿಯಾಯಿತು. ಎಷ್ಟೋ ಸಲ ಆಕೆಯ ಮಾತೇ ಸರಿ. ಆದರೆ ನನ್ನ ನ್ಯಾಯವಾದ ಕೋಪಕ್ಕೂ ಬೆಲೆಯಿಲ್ಲದಂತಾದರೆ ಮನುಷ್ಯ ಬದುಕುವುದು ಹೇಗೆ? ಆದ್ದರಿಂದ ಒಂದು ತಿದ್ದುಪಡಿ ತಂದೆವು: ಅಂಕಿ 100ಕ್ಕಿಂತ ಮೇಲಿದ್ದರೆ ನನ್ನ ಕೋಪವನ್ನು ಕೋಪವೆಂದೇ ಎಣಿಸಿ, ಪೂರ್ತಿ ಕೇಳತಕ್ಕದ್ದು.

2016ರಲ್ಲಿ ಮಾತ್ರೆಗಳು ಸಾಲದೆ ಇನ್ಸುಲಿನ್ ಬೇಕಾಯಿತು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಸೋತೆನೆಂದೇ ಅನ್ನಿಸಿತು. ವರ್ಷಗಳು ಕಳೆದಂತೆ ಮೇದೋಜೀರಕ ಗ್ರಂಥಿಯ ಶಕ್ತಿ ತಾನಾಗಿ ಕುಂದುತ್ತದೆ, ಇದು ನಿಮ್ಮ ನಡತೆಗೆ ಕೊಟ್ಟ ಶಿಕ್ಷೆಯಲ್ಲ ಎಂದು ವೈದ್ಯರು ತಿಳಿಹೇಳಿದರು. ಇನ್ಸುಲಿನ್ನಿನ ಕಥೆಯನ್ನು ಆಗ ಹುಡುಕಿ ಓದಿದೆ. ಕೆನಡದ ಟೊರಾಂಟೊ ನಗರದಲ್ಲಿ 1921ರಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಬೇರ್ಪಡಿಸುವುದಕ್ಕೆ ಮೊದಲು, ಈ ರೋಗ ತಗುಲಿದ ಮಕ್ಕಳನ್ನು ಉಪವಾಸ ಕೆಡವಿ ಕೆಲವು ತಿಂಗಳು ಹೆಚ್ಚು ಉಳಿಸಿಕೊಳ್ಳುವುದಷ್ಟೆ ಸಾಧ್ಯವಿತ್ತು. 1922ರ ಜನವರಿಯಲ್ಲಿ ಅದನ್ನು ಮೊದಲು ಪಡೆದವನು ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗ. ಸಾವಿನ ಅಂಚಿನಲ್ಲಿದ್ದವನು ಅನಂತರ ಹದಿಮೂರು ವರ್ಷ ಬದುಕಿದ. ಅದರ ಹಕ್ಕನ್ನು ಕಂಡುಹಿಡಿದವರು ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟದ್ದು ತಲಾ ಒಂದು ಡಾಲರಿಗೆ. ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14ನ್ನೇ ಈಗ ವಿಶ್ವ ಮಧುಮೇಹ ದಿನವೆಂದು ಆಚರಿಸುತ್ತಾರೆ. ನಮ್ಮಲ್ಲಿ ಅದು ಮಕ್ಕಳ ದಿನವೂ ಹೌದು. ಯಾವುದನ್ನು ಪಡೆಯಲು ಅಷ್ಟು ಮಕ್ಕಳ ತಾಯಂದಿರು ಹಂಬಲಿಸಿದರೋ, ಅದು ನನ್ನ ಬಾಗಿಲಿಗೆ ಬಂದಾಗ ನಾನು ಸೋಲೆಂದು ಅಳುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು. ಮರುದಿನ ಬೆಳಗ್ಗೆ ಮೊದಲ ಚುಚ್ಚುಮದ್ದನ್ನು ನಡುಮನೆಯಲ್ಲಿಯೇ ಕುಳಿತು ಚುಚ್ಚಿಕೊಂಡೆ. ಬಚ್ಚಲಮನೆಗೆ ಹೋಗಲಿಲ್ಲ.

ಈಗಲೂ ನನ್ನ ಅಂಕಿ ದಿನವೂ ಚೆನ್ನಾಗಿರುತ್ತದೆಂದು ತಿಳಿಯಬೇಡಿ. ಈ ದಿನ ಬೆಳಗ್ಗೆ 186 ಇತ್ತು. ಹಾಗೆಯೇ ಬರೆದಿದ್ದೇನೆ. ಅದು ನಿನ್ನೆಯ ಸುದ್ದಿ; ಇಂದು ಏನು ಮಾಡಬೇಕೆಂದು ಅದು ತಿಳಿಸುತ್ತದೆ, ನಾನು ಎಂಥವನೆಂದು ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ ಈ ರೋಗವಿರುವವರು ಯಾರಾದರೂ ಇದ್ದರೆ, 'ಎಷ್ಟಿತ್ತು?' ಎಂದು ಕೇಳುವ ಮೊದಲು 'ಹೇಗಿದ್ದೀರಿ?' ಎಂದು ಕೇಳಿ. ನಿಜ ಹೇಳಲು ಅವರಿಗೆ ಅಷ್ಟು ಧೈರ್ಯ ಸಾಕು.

ಕೊನೆಯದಾಗಿ ಒಂದು ಮಾತು. 13ನ್ನು 43 ಮಾಡಿದ ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಅವನ ಹೆಸರು ನನಗೆ ನೆನಪಿದೆ; ಇಲ್ಲಿ ಹೇಳುವುದಿಲ್ಲ, ಒಮ್ಮೆ ಎಲ್ಲರ ಮುಂದೆ ಹೇಳಿದ್ದೇ ಸಾಕು. ಅಪ್ಪಾ, ನೀನು ಎಲ್ಲಿಂದಲಾದರೂ ಈ ಮಾತನ್ನು ಕೇಳುತ್ತಿದ್ದರೆ, ನಿನ್ನ ಮೇಷ್ಟ್ರು ಅಂದು ಕೇಳಬೇಕಾಗಿದ್ದ ಪ್ರಶ್ನೆಯನ್ನು ಇಂದು ಕೇಳುತ್ತಿದ್ದಾನೆ: ನಿನಗೆ ಅಷ್ಟೊಂದು ಭಯವಾಗಿತ್ತೇನು?



(ಬಾನುಲಿ ಭಾಷಣ)